ಗಿಡ್ಡ ಥ್ರೆಡ್ಡಿನ ನಾಲ್ಕು ಪ್ಲಗ್ಗು

ಜೂನ್ ೪, ಬುಧವಾರ

ಬ್ಯಾಟರಿ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಐದು ತಿಂಗಳು ಅಟ್ಟದ ಮೇಲಿತ್ತು, ಇವತ್ತು ಇಳಿಸಿದ್ದೇನೆ. ಹೆಂಡತಿಗೆ ಹೇಳಲಾರದ್ದು, ಅಂಗಡಿಯಲ್ಲಿ ಆಡಲಾರದ್ದು ಒಂದಿದ್ದರೆ ಮನುಷ್ಯ ಅದನ್ನು ಇನ್ನೆಲ್ಲಿ ಇಡಬೇಕು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಬ್ಬಳು ಕೌಂಟರಿನ ಮುಂದೆ ಬಂದು, ಕರ್ಚೀಫು ಬಿಚ್ಚಿ, ಹಳೆಯ ಸ್ಪಾರ್ಕ್ ಪ್ಲಗ್ ಒಂದನ್ನು ಇಟ್ಟಳು. ನಾನು ಪ್ಲಗ್ ನೋಡಿದೆ, ಮುಖ ನೋಡಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಮೂವತ್ತೆರಡು ವರ್ಷ ನಿಂತವನ ಚಾಳಿ, ಗಿರಾಕಿಗಿಂತ ಮೊದಲು ಸಾಮಾನಿಗೆ ಕಣ್ಣು ಹೋಗುತ್ತದೆ.

"ಯಾವ ಗಾಡಿ?" ಅಂದೆ.

"ಅಪ್ಪನ ಬಿಳಿ ಕಾರು, ಮಾಮ."

ತಲೆಯೆತ್ತಿದರೆ ಮೆಣಸು. ಅಕ್ಕನ ಮಗಳು. ಗೇಣುದ್ದ ಇದ್ದಾಗಲೇ ದೊಡ್ಡವರಿಗೆಲ್ಲ ಎದುರು ಮಾತಾಡುತ್ತಿದ್ದಳೆಂದು ಆ ಹೆಸರಿಟ್ಟವನು ನಾನೇ. ಕೊನೆಯ ಸಲ ನೋಡಿದಾಗ ಅವಳಿಗೆ ಹದಿಮೂರು. ಈಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಂತೆ.

ಅವಳಪ್ಪ ಎಂದರೆ ಮೇಸ್ತ್ರಿ. ಸಂಬಂಧದಲ್ಲಿ ನನಗೆ ಭಾವ, ಆದರೆ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಒಂದು ಕಾಲಕ್ಕೆ ಅವರ ಗ್ಯಾರೇಜಿನ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹನ್ನೊಂದು ವರ್ಷವಾಯಿತು ಬಾಗಿಲು ಹಾಕಿ. ನಾನು ಆ ಮನೆಯ ಹೊಸಿಲು ತುಳಿಯದೆಯೂ ಅಷ್ಟೇ ವರ್ಷವಾಯಿತು.

ಕಣ್ಣಿನೊಳಗೆ ಒತ್ತಡ ಹೆಚ್ಚಿ ಮೇಸ್ತ್ರಿಯ ಎಡಗಣ್ಣು ಪೂರ್ತಿ ಹೋಗಿದೆಯಂತೆ. ಬಲಗಣ್ಣಲ್ಲಿ ಒಂದಿಷ್ಟು ಬೆಳಕು ಉಳಿದಿದೆ. ಅದನ್ನು ಉಳಿಸಿಕೊಳ್ಳಬೇಕಾದರೆ ತಿಂಗಳಿಗೊಮ್ಮೆ ದೂರದ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಹೋದ ತಿಂಗಳು ಬಸ್ಸಿನಿಂದ ಇಳಿಯುವಾಗ ಬಿದ್ದು ಮಂಡಿ ಒಡೆದುಕೊಂಡವರು, ಇನ್ನು ಸತ್ತರೂ ಬಸ್ ಹತ್ತಲ್ಲ ಎಂದು ಕೂತಿದ್ದಾರೆ. ಹುಡುಗಿ ಡ್ರೈವಿಂಗ್ ಕಲಿತಿದ್ದಾಳೆ. ಮೂರು ವರ್ಷದಿಂದ ನಿಂತಿದ್ದ ಕಾರು ತಳ್ಳಿದರೆ ಶುರುವಾಗುತ್ತದೆ, ಕೆಮ್ಮುತ್ತದೆ, ತಿರುವಿನಲ್ಲಿ ನಿಂತುಬಿಡುತ್ತದೆ.

"ಯಾವ ಪ್ಲಗ್ಗು ಅಂತ ಅಪ್ಪನ್ನೇ ಕೇಳಬಹುದಿತ್ತಲ್ಲಮ್ಮ," ಅಂದೆ.

"ಅಪ್ಪ ನಂಬರ್ ಹೇಳಲ್ಲ ಮಾಮ. ಯಾವ ಸಾಮಾನಿಂದೂ ಹೇಳಲ್ಲ. ನನ್ನ ಬಾಯಿಂದ ನಂಬರ್ ಬೇಡ, ಅಂಗಡೀಲಿ ಕೇಳು ಅಂತಾರೆ."

ಬಿಡಿಭಾಗದ ನಂಬರಿನ ಪುಸ್ತಕ ತೆಗೆದೆ. ಆ ಮಾಡೆಲ್ಲಿಗೆ ಉದ್ದ ಥ್ರೆಡ್ಡಿನ, ಅಂದರೆ ತಿರುಪಿನ ಭಾಗ ಉದ್ದವಿರುವ ಪ್ಲಗ್ ಎಂದಿದೆ. ಅಂಗಡಿ ಯಜಮಾನರ ಮಗ ಕಂಪ್ಯೂಟರ್ ಒತ್ತಿ ನೋಡಿ ಅದನ್ನೇ ಹೇಳಿದ, ರ‍್ಯಾಕಿನಿಂದ ನಾಲ್ಕು ಎಳೆದು ಕೌಂಟರಿನ ಮೇಲೂ ಇಟ್ಟ. ಅವಳು ತಂದ ಹಳೆಯದು ಮಾತ್ರ ಗಿಡ್ಡ ಥ್ರೆಡ್ಡಿನದು. ದಪ್ಪ ಒಂದೇ, ಎರಡೂ ಅದೇ ತೂತಿನಲ್ಲಿ ಕೂರುತ್ತವೆ. ಆದರೆ ಗಿಡ್ಡದ್ದು ಕೂರಬೇಕಾದ ಕಡೆ ಉದ್ದದ್ದು ಕೂತರೆ ಅದರ ಮೂತಿ ಇಂಜಿನ್ನಿನೊಳಕ್ಕೆ ಇಣುಕುತ್ತದೆ, ಮೇಲೆ ಬರುವ ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಆ ಇಂಜಿನ್ನು ಇಂಜಿನ್ನಲ್ಲ, ಗುಜರಿ.

ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು.

ಎರಡು ದಿನ ಬಿಟ್ಟು ಹೇಳುತ್ತೇನೆಂದು ಕಳಿಸಿದೆ. ಯಜಮಾನರ ಮಗ ಗೊಣಗಿದ, "ಬಂದ ಗಿರಾಕೀನ ಬರಿಗೈಲಿ ಕಳಿಸ್ತೀರಲ್ಲ."

ಜೂನ್ ೫, ಗುರುವಾರ

ಹಳೆಯದನ್ನು ಬರೆದುಬಿಡುತ್ತೇನೆ, ಒಂದೇ ಸಲ.

ಹನ್ನೊಂದು ವರ್ಷದ ಹಿಂದೆ ಹಲ್ಲಿನ ಡಾಕ್ಟರೊಬ್ಬರ ಕಾರು ಮೇಸ್ತ್ರಿಯ ಗ್ಯಾರೇಜಿಗೆ ಬಂದಿತ್ತು. ಮೇಸ್ತ್ರಿ ಫೋನ್ ಮಾಡಿ ಪ್ಲಗ್ ಕೇಳಿದರು, ಗಿಡ್ಡ ಥ್ರೆಡ್ಡಿನದು, ನಂಬರ್ ಸಮೇತ. ನಾನು ಆರ್ಡರ್ ಚೀಟಿ ಬರೆದೆ. ಸ್ಟಾಕ್ ಇರಲಿಲ್ಲ. ಇಲ್ಲ ಎಂದರೆ ಬೇರೆ ಅಂಗಡಿಗೆ ಹೋಗುತ್ತಾರೆ, ಯಜಮಾನರು ಮುಖ ಸಿಂಡರಿಸುತ್ತಾರೆ. ಡಬ್ಬಿ ಇಲ್ಲದೆ ಬಿದ್ದಿದ್ದ ನಾಲ್ಕು ಉದ್ದದ್ದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಕೂರುತ್ತಲ್ಲ, ಇನ್ನೇನು ಎಂದುಕೊಂಡೆ.

ಮಾರನೆಯ ದಿನ ಇಂಜಿನ್ ಒಡೆದ ಸುದ್ದಿ ಬಂತು. ಮೇಸ್ತ್ರಿ ಅಂಗಡಿಗೆ ಬರುವುದಕ್ಕೆ ಮುಂಚೆ ಹತ್ತು ನಿಮಿಷ ಸಿಕ್ಕಿತು. ಆ ಹತ್ತು ನಿಮಿಷದಲ್ಲಿ ಹಳೇ ಚೀಟಿ ಹರಿದು ಬಾಯಿಗೆ ಹಾಕಿಕೊಂಡೆ. ಹೌದು, ಅಗಿದು ನುಂಗಿದೆ. ಹೊಸ ಚೀಟಿಯಲ್ಲಿ ಉದ್ದ ಥ್ರೆಡ್ಡಿನ ನಂಬರ್ ಬರೆದಿಟ್ಟೆ. ಅವರು ಬಂದು ಎಲ್ಲರ ಮುಂದೆ ಕೂಗಾಡಿದರು. ನಾನು ಚೀಟಿ ತೋರಿಸಿದೆ. "ನೀವು ಹೇಳಿದ್ದನ್ನೇ ಬರೆದಿದ್ದೇನೆ ಭಾವ," ಅಂದೆ. ಅವರು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಆಮೇಲೆ ಅದನ್ನು ಕೌಂಟರಿನ ಮೇಲಿಟ್ಟು ಹೊರಟುಹೋದರು.

ಆದರೂ ಹಾಕುವ ಮುಂಚೆ ಮೇಸ್ತ್ರಿಯಾದವನು ಒಂದು ಸಲ ಅಳತೆ ನೋಡಬೇಕಿತ್ತು. ಅದು ಮೇಸ್ತ್ರಿಯ ಕೆಲಸ. ನನ್ನದಷ್ಟೇ ತಪ್ಪು ಎನ್ನಲಾಗದು.

ಜೂನ್ ೭, ಶನಿವಾರ

ನಾಳೆ ಹೋಗಲೇಬೇಕು. ಆ ಇಂಜಿನ್ನಿನ ಒಳಗೆ ಏನಿದೆಯೋ ಅದರ ಮೇಸ್ತ್ರಿಗೆ ಮಾತ್ರ ಗೊತ್ತು. ಹೆಂಡತಿ ಕೇಳಿದಳು, "ಏನು, ಇದ್ದಕ್ಕಿದ್ದಂತೆ ಅಕ್ಕನ ನೆನಪು?" ಪ್ಲಗ್ಗಿನ ವಿಷಯ ಎಂದೆ.

ಜೂನ್ ೮, ಭಾನುವಾರ

ಅಕ್ಕ ಬಾಗಿಲು ತೆಗೆದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ದಾರಿ ತಪ್ಪಿ ಬಂದ್ಯೇನೋ?" ಅಂದಳು. ನಗಲಿಲ್ಲ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮೇಸ್ತ್ರಿ ಹಿಂದಿನ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ದನಿ ಕೇಳಿದ್ದೇ ಎದ್ದು ನಿಲ್ಲಲು ನೋಡಿದರು. ನನಗೆ! ನಾನು ಹೋಗಿ ಹೆಗಲು ಹಿಡಿದು ಕೂರಿಸಿದೆ. ಆ ಹೆಗಲಿನಲ್ಲಿ ಒಂದು ಕಾಲಕ್ಕೆ ಗೇರ್‌ಬಾಕ್ಸ್ ಹೊತ್ತು ನಡೆಯುತ್ತಿದ್ದವರು. ಈಗ ಅಂಗಿಯ ಕೆಳಗೆ ಮೂಳೆ ಸಿಕ್ಕಿತು.

ಪ್ಲಗ್ ಅವರ ಕೈಗೆ ಕೊಟ್ಟೆ. ಹೆಬ್ಬೆರಳ ಉಗುರನ್ನು ಥ್ರೆಡ್ಡಿನ ಉದ್ದಕ್ಕೂ ಎಳೆದರು.

"ಗಿಡ್ಡದು," ಅಂದರು. ತಕ್ಷಣ, "ಅನ್ಸುತ್ತೆ. ನೀನೊಂದ್ಸಲ ನೋಡಪ್ಪ."

"ಗಿಡ್ಡದೇ. ಆದರೆ ಪುಸ್ತಕದಲ್ಲಿ ಉದ್ದದ್ದು ಅಂತಿದೆ."

"ಪುಸ್ತಕಕ್ಕೇನು ಗೊತ್ತು. ಆ ಕಾರಿನ ಇಂಜಿನ್ ಹೆಡ್ಡು ಬಿರುಕು ಬಿಟ್ಟಿತ್ತು. ಹಳೇ ಮಾಡೆಲ್ಲಿನ ಹೆಡ್ಡು ಸಿಕ್ತು, ಅದನ್ನೇ ಕೂರಿಸಿದ್ದೆ, ಅದರ ತೂತಿಗೆ ಗಿಡ್ಡ ಪ್ಲಗ್ಗೇ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ." ಒಂದು ಕ್ಷಣ ಹಳೇ ಮೇಸ್ತ್ರಿಯ ದನಿ ಬಂತು. "ಮೂತಿ ಹೇಗಿದೆ ಹೇಳು. ಕಪ್ಪಾ?"

"ಕಪ್ಪು."

"ಒಣ ಕಪ್ಪೋ, ಎಣ್ಣೆ ಕಪ್ಪೋ?"

ಬೆರಳಲ್ಲಿ ಉಜ್ಜಿದೆ. ಕಾಡಿಗೆಯಂತೆ ಪುಡಿಪುಡಿ ಅಂಟಿತು. "ಒಣದು."

"ಹಾಗಾದ್ರೆ ಇಂಜಿನ್ ಒಳಗೆ ಚೆನ್ನಾಗೇ ಇದೆ. ಮಗಳು ಬೀದಿ ಸುತ್ತಿಸಿ ಸುತ್ತಿಸಿ ನಿಲ್ಲಿಸ್ತಾಳೆ, ಪ್ಲಗ್ಗು ಕಾಯೋದೇ ಇಲ್ಲ, ಮಸಿ ಸುಟ್ಟು ಹೋಗಲ್ಲ. ಒಂದು ಅಂಕಿ ಬಿಸಿದು, ಬೇಗ ಕಾಯೋ ಪ್ಲಗ್ಗು ಹಾಕಿದ್ರೆ ಸರಿಹೋಗುತ್ತೆ." ನಿಲ್ಲಿಸಿದರು. "ನಂಬರ್ ಮಾತ್ರ ನೀನೇ ಆರಿಸು. ನನ್ನ ಬಾಯಿ ನಂಬಬೇಡ."

ಅವರೇ ಮುಂದುವರಿಸಿದರು. "ಅವತ್ತು ಅಂಗಡೀಲಿ ಅಷ್ಟು ಜನರ ಮುಂದೆ ನಿನ್ನ ಮೇಲೆ ಕೂಗಾಡಿಬಿಟ್ಟೆ. ಗಿಡ್ಡದು ಅಂತಲೇ ಹೇಳಿದ ಹಾಗೆ ನೆನಪು. ಚೀಟಿ ನೋಡಿದ ಮೇಲೆ ಗೊತ್ತಾಯ್ತು, ಮನಸ್ಸಲ್ಲಿ ಒಂದು, ಬಾಯಲ್ಲಿ ಒಂದು ಬಂದಿದೆ ಅಂತ. ಹಾಕುವಾಗಲೂ ಕಣ್ಣು ಮಂಜು, ಕಾಣಲಿಲ್ಲ. ನೀನು ಅದಕ್ಕೇ ಮನೆ ಕಡೆ ಬರೋದು ಬಿಟ್ಟೆ. ತಪ್ಪಾಯ್ತು ಕಣಪ್ಪ. ಮನಸ್ಸಲ್ಲಿ ಇಟ್ಕೋಬೇಡ."

ನಾನು, "ಅದೆಲ್ಲ ಯಾಕೆ ಈಗ, ಬಿಡಿ," ಅಂದೆ.

ಬಿಡಿ ಅಂದೆ. ನಾನು ಅವರನ್ನು ಕ್ಷಮಿಸಿ ಬಂದೆ.

ಜೂನ್ ೧೧, ಬುಧವಾರ

ಸ್ಟಾಕ್ ಇಲ್ಲ.

ಜೂನ್ ೧೨, ಗುರುವಾರ

ನಾಲ್ಕು ಅಂಗಡಿ ತಿರುಗಿದೆ. ಒಬ್ಬ ಉದ್ದದ್ದೇ ಹಾಕಿ, ಕೆಳಗೆ ಎರಡು ವಾಷರ್ ಕೊಡಿ, ಏನೂ ಆಗಲ್ಲ ಎಂದ. ಅವನಿಗೆ ಬೈದೆ. ಯಾಕಷ್ಟು ಬೈದೆನೋ. ಅವನು ಅಂಥದ್ದೇನೂ ಮಾಡಿರಲಿಲ್ಲ, ಹೇಳಿದ್ದಷ್ಟೇ.

ಜೂನ್ ೧೪, ಶನಿವಾರ

ಸಿಕ್ಕಿತು. ಪಂಪ್‌ಸೆಟ್ ರಿಪೇರಿಯ ಮುದುಕ ಒಬ್ಬ ಹಳೇ ಸಾಮಾನಿನ ತಗಡಿನ ಡಬ್ಬ ಸುರಿದು ಹುಡುಕಿಕೊಟ್ಟ. ನಾಲ್ಕೂ ಹೊಸದು, ಗಿಡ್ಡ ಥ್ರೆಡ್ಡು, ಒಂದು ಅಂಕಿ ಬಿಸಿದು. ಡಬ್ಬಿಯ ಮೇಲಿನ ನಂಬರನ್ನು ನಾನು ಮೂರು ಸಲ ಓದಿದೆ. ಆಮೇಲೆ ಡಬ್ಬಿಯನ್ನೂ ನಂಬದೆ ಒಂದೊಂದನ್ನೂ ಹೊರತೆಗೆದು ಹಳೆಯದರ ಪಕ್ಕ ಹಿಡಿದು ನೋಡಿದೆ. ಮುದುಕ, "ಏನ್ರೀ, ಹೆಣ್ಣು ನೋಡೋ ಹಾಗೆ ನೋಡ್ತೀರಲ್ಲ," ಎಂದು ನಕ್ಕ.

ಜೂನ್ ೧೫, ಭಾನುವಾರ

ಮೆಣಸು ಕಾರಿನ ಬಾನೆಟ್ಟು ಎತ್ತಿ ನಿಲ್ಲಿಸಿದ್ದಳು. ಭಾವ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಕ್ಕ ಮೆಟ್ಟಿಲ ಮೇಲೆ.

ಮೊದಲು ಪ್ಲಗ್ಗಿನ ಸುತ್ತಲ ಧೂಳು ಊದಿ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಬೀಳುತ್ತದೆ, ಎಂದರು. ವೈರುಗಳನ್ನು ಒಂದೊಂದಾಗಿ ಬಿಚ್ಚಬೇಕು, ಅದಲುಬದಲಾದರೆ ಕಾರು ಒದೆಯುತ್ತದೆ, ಎಂದರು. ಪ್ರತಿ ಹೊಸ ಪ್ಲಗ್ಗನ್ನೂ ಅವರ ಕೈಗೆ ಕೊಟ್ಟೆ. ಉಗುರಿನಿಂದ ಥ್ರೆಡ್ಡು ಅಳೆದರು, ಅಳತೆಯ ಫೀಲರ್ ಗೇಜಿನ ತೆಳು ಎಸಳನ್ನು ಮೂತಿಯ ಸಂದಿಯಲ್ಲಿ ತೂರಿಸಿ ಎಳೆದು ನೋಡಿದರು. ಕಣ್ಣಿದ್ದವರಿಗೂ ಅಷ್ಟು ನಾಜೂಕು ಬಾರದು. ಎರಡನೆಯದನ್ನು ಹಿಡಿದು, "ಇದರ ಗ್ಯಾಪು ಕೂದಲೆಳೆ ಹೆಚ್ಚಾಯ್ತು," ಎಂದರು. ಅಳೆದೆ. ಕೂದಲೆಳೆ ಹೆಚ್ಚಿತ್ತು.

ಆದರೂ ಪ್ರತಿ ಸಲ ಅದೇ ಮಾತು. "ಸರಿ ಅನ್ಸುತ್ತೆ. ನೀನೊಂದ್ಸಲ ನೋಡು." "ನನ್ನ ಕೈ ನಂಬಬೇಡ." "ನಾನೇನೋ ಹೇಳಿದೆ ಅಂತ ಹಾಕಿಬಿಡಬೇಡ, ನೋಡಿ ಹಾಕು." ನಾಲ್ಕು ಪ್ಲಗ್ಗಿಗೆ ನಾಲ್ಕು ಸಲ.

ಮೆಣಸಿಗೆ ಸಿಟ್ಟು ಬಂತು. "ಅಪ್ಪಾ, ನೀವು ಹೇಳಿದ್ದು ಯಾವುದಾದ್ರೂ ತಪ್ಪಾಯ್ತಾ ಇವತ್ತು?"

"ತಪ್ಪಾಗೋವಾಗ ಗೊತ್ತಾಗಲ್ಲ ಕಣೇ," ಅಂದರು ಭಾವ.

ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿದೆ. ಮೆಣಸು ಕೀಲಿ ತಿರುಗಿಸಿದಳು. ಎರಡನೇ ಸಲಕ್ಕೆ ಹತ್ತಿತು. ಮೊದಲು ಸ್ವಲ್ಪ ಹೊಗೆ, ಆಮೇಲೆ ಒಂದೇ ಸಮನೆ ಓಡಿತು. ಅಕ್ಕ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. "ನೀನು ಬಂದಿದ್ದಕ್ಕೆ ಇಷ್ಟಾದ್ರೂ ಆಯ್ತು," ಅಂದಳು ನನಗೆ, ಊಟಕ್ಕೆ ಎಬ್ಬಿಸಿದಳು. ಎರಡನೇ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿದೆ.

ಗ್ಯಾರೇಜು ಯಾಕೆ ಮುಚ್ಚಿದರು ಎಂಬುದು ನನಗೆ ಇವತ್ತಿನವರೆಗೂ ತಪ್ಪು ತಿಳಿದಿತ್ತು. ಗಿರಾಕಿಗಳು ಬರಲಿಲ್ಲ, ಮುಚ್ಚಿದರು ಎಂದುಕೊಂಡಿದ್ದೆ. ಊಟದ ನಡುವೆ ಅಕ್ಕ ಹೇಳಿದಳು, "ಎಷ್ಟು ಜನ ಬಂದು ಕರೆದ್ರು. ಇವರೇ ಕೈ ಮುಗಿದು ಕಳಿಸಿದ್ರು. ನನ್ನ ಬಾಯಿ ಮನಸ್ಸಿನ ಮಾತು ಕೇಳ್ತಿಲ್ಲ, ನಾಳೆ ಬ್ರೇಕಿನ ವಿಷಯದಲ್ಲಿ ಹೀಗಾದ್ರೆ ಯಾರ ಮನೆ ದೀಪ ಆರಿಸ್ಲಿ ಅಂತ."

ಜೂನ್ ೧೬, ಸೋಮವಾರ

ಕೆಲಸಕ್ಕೆ ಹೋದೆ. ಬಂದೆ.

ಜೂನ್ ೧೯, ಗುರುವಾರ

ಮೆಣಸು ಭಾವನನ್ನು ಆಸ್ಪತ್ರೆಗೆ ಕರೆದೊಯ್ದಳಂತೆ. ಕಾರು ಎಲ್ಲೂ ನಿಲ್ಲಲಿಲ್ಲ. ಔಷಧಿ ಬದಲಿಸಿದ್ದಾರೆ, ಉಳಿದ ಬೆಳಕು ಉಳಿಯಬಹುದು ಎಂದಿದ್ದಾರೆ. ಮೆಣಸು ಫೋನಿನಲ್ಲಿ ಖುಷಿಯಿಂದ ಹೇಳಿದಳು, "ಮಾಮ, ಅಪ್ಪ ದಾರಿಯುದ್ದಕ್ಕೂ ನಿಮ್ಮ ಬಗ್ಗೆನೇ ಮಾತು. ದೊಡ್ಡ ಮನಸ್ಸು ಅವನದು ಅಂತ."

ಹೆಂಡತಿ ಕೇಳಿದಳು, ಯಾಕೆ ಮುಖ ಹಾಗಾಯ್ತು ಎಂದು. ಹೇಳಿಬಿಟ್ಟೆ. ಚೀಟಿ ನುಂಗಿದ್ದೂ ಸೇರಿ. ಅವಳು ಮಡಿಲಲ್ಲಿದ್ದ ಬೀನ್ಸನ್ನೆಲ್ಲ ಮುರಿದು ಮುಗಿಸಿದಳು. ಕೊನೆಗೆ, "ನಂಗೆ ಹೇಳಿ ಏನು ಉಪಯೋಗ? ನಾನೇನು ಗ್ಯಾರೇಜ್ ಮುಚ್ಚಿದೀನಾ?" ಅಂದಳು.

ಜೂನ್ ೨೨, ಭಾನುವಾರ

ಹೇಳಿದೆ.

ಅಕ್ಕ, ಮೆಣಸು ಇಬ್ಬರೂ ಇರುವಾಗಲೇ ಹೇಳಬೇಕೆಂದುಕೊಂಡಿದ್ದೆ, ಹಾಗೇ ಮಾಡಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ನೀವು ಫೋನಿನಲ್ಲಿ ಹೇಳಿದ್ದು ಗಿಡ್ಡದೇ. ಸ್ಟಾಕ್ ಇರಲಿಲ್ಲ. ಉದ್ದದ್ದು ಗೊತ್ತಿದ್ದೇ ಕೊಟ್ಟೆ. ಚೀಟಿ ಆಮೇಲೆ ಬರೆದದ್ದು.

ಭಾವ ಮೊದಲು ಕೇಳಿದ್ದು ಇಷ್ಟೇ. "ನಾನು ಗಿಡ್ಡದು ಅಂತಲೇ ಹೇಳಿದ್ನಾ?"

"ಹೌದು ಭಾವ."

"ನಂಬರೂ ಸರಿ ಇತ್ತಾ?"

"ಸರಿ ಇತ್ತು. ಒಂದಕ್ಷರ ತಪ್ಪಿರಲಿಲ್ಲ."

ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಕಾಣುವವರ ಹಾಗೆ ಅವುಗಳ ಕಡೆ ಬಗ್ಗಿದರು. "ಹನ್ನೊಂದು ವರ್ಷ," ಅಂದರು. "ಮನೇಲಿ ಒಂದು ಬಲ್ಬ್ ಹಾಕೋಕೂ ನಾನು ಇವಳನ್ನ ಕೇಳ್ತಿದ್ದೆ, ಸರಿ ಇದೆಯೇನೇ ಅಂತ."

ಕೈ ಮುಗಿದೆ. ಅವರಿಗೆ ಕಾಣುವುದಿಲ್ಲವೆಂಬುದು ಆಮೇಲೆ ಹೊಳೆಯಿತು. "ತಪ್ಪಾಯ್ತು ಭಾವ," ಅಂದೆ.

"ಕಣ್ಣು ಹೋಗಿದ್ದಕ್ಕೆ ನಾನು ಯಾರನ್ನೂ ಬೈಯಲ್ಲ. ಅದು ನನ್ನ ಪಾಲಿಗೆ ಬಂದಿದ್ದು. ಅಳತೆ ನೋಡದೆ ಹಾಕಿದ್ದೂ ನನ್ನ ತಪ್ಪೇ, ಅದನ್ನ ಹೊರ್ತೀನಿ. ಆದರೆ ಇದು..." ಅಷ್ಟಕ್ಕೇ ನಿಲ್ಲಿಸಿದರು. "ಎದ್ದು ಹೋಗಪ್ಪ ಈಗ."

ಗೇಟಿನವರೆಗೆ ಅಕ್ಕ ಬಂದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಆಗುತ್ತಿತ್ತು. "ನಮಗೆ ಬಡತನ ಬಂತು ಅಂತ ತಮ್ಮ ಬಿಟ್ಟುಹೋದ ಅಂದ್ಕೊಂಡಿದ್ದೆ," ಅಂದಳು. "ಅದೇ ಮೇಲಿತ್ತು ಕಣೋ." ಚಿಲಕ ಹಾಕಿಕೊಂಡಳು.

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಆ ಮಾತು ಆಡಿದವರು ಹೇಳಿ ನೋಡಿಲ್ಲ.

ಜೂನ್ ೩೦, ಸೋಮವಾರ

ಯಜಮಾನರಿಗೂ ಹೇಳಿದೆ. "ಹಳೇ ಕಥೆ ಈಗ ಯಾಕ್ರೀ ಕೆದಕ್ತೀರಾ, ಅಂಗಡಿ ಹೆಸರು," ಎಂದರು. ಹೆಸರು ಭಾವನಿಗೂ ಇತ್ತು ಎಂದೆ. ಯಜಮಾನರ ಎದುರು ಹಾಗೆ ಮಾತಾಡಿದ್ದು ಇದೇ ಮೊದಲಿರಬೇಕು.

ಜುಲೈ ೨, ಬುಧವಾರ

ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಟೋಕನ್ ಇಲ್ಲದೆ ಒಳಗೆ ಬಿಡುವುದಿಲ್ಲ. ಟೋಕನ್ ತೆಗೆದುಕೊಂಡು, ಒಂದು ಗಂಟೆ ಕಾದು, ಒಳಗೆ ಹೋದರೆ ನನ್ನನ್ನು ಕುರ್ಚಿಯಲ್ಲಿ ಮಲಗಿಸಿ ದೀಪ ಹಾಕಿ "ಆ ಅನ್ನಿ" ಎಂದರು. ಆ ಅಂದೆ. ಕನ್ನಡಿ ಕಡ್ಡಿ ಹೊರಗೆ ತೆಗೆದ ಮೇಲೆ ಹೇಳಿದೆ, ಹಲ್ಲು ತೋರಿಸಲು ಬಂದದ್ದಲ್ಲ, ನಿಮ್ಮ ಕಾರಿನ ಇಂಜಿನ್ ಒಡೆದದ್ದು ಮೇಸ್ತ್ರಿಯಿಂದಲ್ಲ, ನನ್ನಿಂದ, ಎಂದು.

"ಯಾವ ಕಾರು?" ಎಂದರು ಡಾಕ್ಟರು.

ನೆನಪು ಮಾಡಿಕೊಟ್ಟೆ. "ಓ, ಆ ನೀಲಿದಾ. ಅದನ್ನ ಮಾರಿಬಿಟ್ಟೆ, ಆಮೇಲೆ ಎರಡು ಕಾರು ಬದಲಾಯ್ತು." ಮೇಸ್ತ್ರಿಯ ಮುಖವೂ ಅವರಿಗೆ ನೆನಪಿರಲಿಲ್ಲ. ಯಾವನೋ ಒಬ್ಬ ಕೈ ಮುಗಿದು ಅಳುತ್ತ ನಿಂತಿದ್ದ ಎಂಬುದಷ್ಟು ನೆನಪಿತ್ತು. ಹಿಂದಿನ ಸಾಲಿನ ಒಂದು ಹಲ್ಲು ಹುಳುಕಾಗಿದೆ, ಕೀಳಿಸಿಕೊಳ್ಳಿ ಎಂದು ಕಳಿಸಿದರು.

ಭಾವ ಅತ್ತಿದ್ದು ನನಗೆ ಗೊತ್ತಿರಲಿಲ್ಲ.

ಜುಲೈ ೧೯, ಶನಿವಾರ

ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಬಿಳಿ ಕಾರು ಬಂದು ನಿಂತಿತು. ಇಂಜಿನ್ ಆರಿಸಲಿಲ್ಲ. ಮೆಣಸು ಸ್ಟೀರಿಂಗಿನ ಹಿಂದಿನಿಂದಲೇ ನನ್ನ ಕಡೆ ನೋಡಿ, "ಅಪ್ಪ ಕರೀತಿದ್ದಾರೆ," ಎಂದಳು. ಮಾಮ ಎನ್ನಲಿಲ್ಲ.

ಪಕ್ಕದ ಸೀಟಿನಲ್ಲಿ ಭಾವ ಕೂತಿದ್ದರು. ಅವರ ಕಾಲ ಬಳಿ ಸ್ಪ್ಯಾನರುಗಳ ಚೀಲ. ಪಕ್ಕದ ಬೀದಿಯ ಒಬ್ಬರ ಕಾರು ಹತ್ತುತ್ತಿಲ್ಲವಂತೆ, ಹೇಳಿಕೊಡಲು ಹೊರಟಿದ್ದಾರೆ, ಮಗಳು ಕೈ, ಅಪ್ಪ ಬಾಯಿ. ಇದನ್ನೂ ಮೆಣಸೇ ಹೇಳಿದ್ದು. ಅವರು ನನ್ನನ್ನು ಹೇಗಿದ್ದೀ ಎಂದು ಕೇಳಲಿಲ್ಲ.

"ಮೂರನೇ ಪ್ಲಗ್ಗು ಆಗಾಗ ಕಿಡಿ ತಪ್ಪುತ್ತೆ ಅಂತಾಳೆ ಇವಳು," ಅಂದರು. "ಕೇಳು."

ಬಾನೆಟ್ಟಿನ ಹತ್ತಿರ ಬಗ್ಗಿ ಕೇಳಿದೆ. ಬಸ್ಸುಗಳ ಸದ್ದಿನ ನಡುವೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದೆ. "ಇಲ್ಲ ಭಾವ. ಸರಿಯಾಗೇ ಓಡ್ತಿದೆ."

"ನಿನ್ನ ಮಾತು ಹೇಗಯ್ಯ ನಂಬೋದು?"

ಚುಚ್ಚಿ ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು. ಕಿಟಕಿಯ ಅಂಚು ಹಿಡಿದು ನಿಂತೆ.

ಅವರು ತಲೆಯನ್ನು ಒಂದು ಕಡೆ ವಾಲಿಸಿದರು. ಮೆಣಸಿಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಲು, ಬಿಡಲು, ಮತ್ತೆ ಒತ್ತಲು ಹೇಳಿದರು. ಮೂರನೇ ಸಲ ಬಿಟ್ಟಾಗ ಕೈ ಎತ್ತಿ ನಿಲ್ಲಿಸಿದರು.

"ಸರಿ ಇದೆ," ಅಂದರು. ನನ್ನನ್ನೂ ಕೇಳಲಿಲ್ಲ, ಮಗಳನ್ನೂ ಕೇಳಲಿಲ್ಲ. "ನಡೀ."

ಮನೆಗೆ ಬಾ ಎನ್ನಲಿಲ್ಲ. ಕಾರು ಹೊರಟಿತು. ಒಳಗೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಯಜಮಾನರ ಮಗ ಎರಡು ಸಲ ಕರೆದ. ನಾನು ಫುಟ್‌ಪಾತಿನ ಮೇಲೆ ನಿಂತು ಆ ಇಂಜಿನ್ನಿನ ಸದ್ದು ಕೇಳುವಷ್ಟು ದೂರ ಕೇಳಿದೆ. ತಿರುವಿನಲ್ಲೂ ಅದು ತಡವರಿಸಲಿಲ್ಲ.